ಎರಡು ಕ್ಲೌನ್ ಮೀನು, 85 ಲೀಟರ್ ಸಮುದ್ರ: ಮೊದಲ ರೀಫ್ ಟ್ಯಾಂಕ್ ಕಟ್ಟಿದ ದಿನಚರಿ

ರೀಫ್ ಟ್ಯಾಂಕ್ ಅಂದರೆ ಹವಳ, ಸಮುದ್ರದ ಮೀನು ಸಾಕುವ ಉಪ್ಪುನೀರಿನ ಟ್ಯಾಂಕ್. ಈ ಸಲ ಮೊದಲು ಮೀನು ಆರಿಸಿದೆ, ಟ್ಯಾಂಕ್ ಆಮೇಲೆ. ಆದರೆ ಆ ಮೀನು ಮನೆಗೆ ಬಂದದ್ದು ಎಲ್ಲಕ್ಕಿಂತ ಕೊನೆಗೆ, 46ನೇ ದಿನ. ದೊಡ್ಡ ಟ್ಯಾಂಕಿಗೆ ಇಳಿದದ್ದು 77ನೇ ದಿನ. ನಡುವಿನ ದಿನಗಳಲ್ಲಿ ಏನೇನು ಮಾಡಿದೆ, ಎಲ್ಲಿ ತಪ್ಪಿತು, ಹೇಗೆ ಸರಿ ಮಾಡಿದೆ ಅನ್ನೋದನ್ನು ನೋಟ್‌ಬುಕ್ಕಿನಿಂದ ಇಲ್ಲಿ ಬರೆಯುತ್ತಿದ್ದೇನೆ.

ಸಿಹಿನೀರಿನ ಮೀನುಗಳನ್ನು ವರ್ಷಗಟ್ಟಲೆ ಸಾಕಿದ್ದೇನೆ. ಅಲ್ಲಿ ಚೆಂದ ಕಂಡ ಟ್ಯಾಂಕ್ ತಂದು, ಅದಕ್ಕೆ ಹಿಡಿಸುವಷ್ಟು ಮೀನು ಬಿಡುವುದು ನನ್ನ ರೂಢಿ. ಉಪ್ಪುನೀರಿಗೆ ಆ ರೂಢಿ ಹೊಂದುವುದಿಲ್ಲ. ಟ್ಯಾಂಕಿನ ಉದ್ದ ಎಷ್ಟು, ನೀರಿನ ಸೆಳೆತ ಎಷ್ಟು, ಮುಚ್ಚಳ ಬೇಕಾ, ಆನೆಮನಿ (ಹೂವಿನಂತೆ ಅರಳುವ, ಕುಟುಕುವ ಸಮುದ್ರಜೀವಿ) ಬೇಕಾ, ಇದೆಲ್ಲ ಯಾವ ಮೀನು ಅನ್ನೋದರ ಮೇಲೆ ನಿಂತಿದೆ. ಅದಕ್ಕೇ ಈ ದಿನಗಳ ಲೆಕ್ಕ ಶುರುವಾಗುವ ಮುಂಚಿನ ಎರಡು ವಾರ ಒಂದು ಸಾಮಾನೂ ಕೊಳ್ಳಲಿಲ್ಲ. ಸುಮ್ನೆ ಓದಿದೆ, ಬೇರೆಯವರ ಟ್ಯಾಂಕುಗಳ ಮುಂದೆ ಕೂತು ನೋಡಿದೆ.

ಯಾವ ಕ್ಲೌನ್ ಮೀನು?

ಕ್ಲೌನ್ ಮೀನು ಅಂದರೆ ಆ ಕಿತ್ತಳೆ ಮೈಯ, ಮೂರು ಬಿಳಿ ಪಟ್ಟೆಯ ಮೀನು ಒಂದೇ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಸುಮಾರು 30 ಜಾತಿಗಳಿವೆ, ಸ್ವಭಾವವೂ ಬೇರೆ ಬೇರೆ. ಮರೂನ್ ಕ್ಲೌನ್ ನೋಡಲು ರಾಜಗಾಂಭೀರ್ಯ, ಆದರೆ ಹೆಣ್ಣು 15 ಸೆಂ.ಮೀ. ದಾಟಿ ಬೆಳೆಯುತ್ತದೆ. ಕೆನ್ನೆಯಲ್ಲಿ ಮುಳ್ಳಿದೆ. ತನ್ನ ಜಾಗಕ್ಕೆ ಬಂದ ಯಾರನ್ನೂ ಬಿಡುವುದಿಲ್ಲ, ಗಾಜು ಒರೆಸಲು ಕೈ ಹಾಕಿದರೆ ಕೈಗೂ ಬಾಯಿ ಹಾಕುತ್ತದೆ. ಟೊಮ್ಯಾಟೊ ಕ್ಲೌನ್, ಕ್ಲಾರ್ಕೀ ಎರಡೂ ಗಟ್ಟಿ ಮೀನುಗಳು, ಬೇಗ ಸಾಯುವುದಿಲ್ಲ. ಆದರೆ ಸಣ್ಣ ಟ್ಯಾಂಕಿನಲ್ಲಿ ದೊಡ್ಡದಾದ ಮೇಲೆ ಇಡೀ ಟ್ಯಾಂಕೇ ತನ್ನದು ಅನ್ನುತ್ತವೆ.

ಉಳಿದದ್ದು ಎರಡು: ಆಸೆಲಾರಿಸ್ ಮತ್ತು ಪರ್ಕ್ಯುಲಾ. ಇವೆರಡನ್ನು ಅಕ್ಕಪಕ್ಕ ಇಟ್ಟರೂ ಮೊದಲ ನೋಟಕ್ಕೆ ಗೊತ್ತಾಗುವುದಿಲ್ಲ. ಪರ್ಕ್ಯುಲಾದ ಬಿಳಿ ಪಟ್ಟೆಗಳ ಅಂಚಿಗೆ ಕಪ್ಪು ದಪ್ಪ ಇರುತ್ತದೆ, ಕಣ್ಣಿನ ಸುತ್ತ ಕಿತ್ತಳೆ ಬಣ್ಣ ಹೊಳೆಯುತ್ತದೆ. ಆಸೆಲಾರಿಸ್‌ಗೆ ಕಪ್ಪು ಅಂಚು ಕೂದಲಿನಷ್ಟು ತೆಳು, ಕಣ್ಣು ಮಂಕು. ಬೆನ್ನ ಮೇಲಿನ ರೆಕ್ಕೆಯ ಮುಳ್ಳು ಎಣಿಸಿದರೆ ಸಾಮಾನ್ಯವಾಗಿ ಆಸೆಲಾರಿಸ್‌ಗೆ 11, ಪರ್ಕ್ಯುಲಾಗೆ 10. ಈಜುವ ಮೀನಿನ ಮುಳ್ಳು ಎಣಿಸುವುದು ಕಷ್ಟ ಬಿಡಿ, ಫೋಟೋ ತೆಗೆದು ಎಣಿಸಬೇಕು. ನಾನು ಆಸೆಲಾರಿಸ್ ಆರಿಸಿದೆ. ಎಂಟೊಂಬತ್ತು ಸೆಂ.ಮೀ.ಗೆ ಬೆಳವಣಿಗೆ ಹೆಚ್ಚುಕಮ್ಮಿ ಮುಗಿಯುತ್ತದೆ, ಸ್ವಭಾವ ಸೌಮ್ಯ, ಮತ್ತು ಸಾಕಿ ಬೆಳೆಸಿದ ಮರಿಗಳು ಸುಲಭವಾಗಿ ಸಿಗುತ್ತವೆ.

ಸಾಕಿ ಬೆಳೆಸಿದ್ದೇ ಬೇಕು ಅನ್ನೋದರಲ್ಲಿ ನಾನು ಹಟ ಹಿಡಿದೆ. ಸಮುದ್ರದಿಂದ ಹಿಡಿದು ತಂದ ಕ್ಲೌನ್‌ಗಳು ದಾರಿಯಲ್ಲೇ ಸೊರಗಿರುತ್ತವೆ. ಬ್ರೂಕ್ಲಿನೆಲ್ಲಾ ಅನ್ನೋ ಪರಾವಲಂಬಿ ಅವುಗಳ ಮೈಗೆ ಅಂಟಿಕೊಂಡು ಬಂದರೆ ಮೈ ಮೇಲೆ ಲೋಳೆ ಸುಲಿದು, ಎರಡು ಮೂರು ದಿನದಲ್ಲಿ ಮೀನು ಹೋಗಿಬಿಡುತ್ತದೆ. ಸಾಕಿದ ಮರಿ ಗುಳಿಗೆ ಆಹಾರ ತಿಂದು ಬೆಳೆದಿರುತ್ತದೆ, ಗಾಜಿನ ಗೋಡೆ ಅದಕ್ಕೆ ಹೊಸದಲ್ಲ. ಇನ್ನೊಂದು ಮಾತು, ಇದು ಹತ್ತು ವರ್ಷಕ್ಕೂ ಜಾಸ್ತಿ ಬದುಕುವ ಮೀನು. ನಾವು ತರುವ ಒಂದೊಂದು ಮೀನಿಗೂ ಸಮುದ್ರದ ಹವಳದ ಬಂಡೆಯ ಮೇಲೆ ಒಂದು ಜಾಗ ಖಾಲಿಯಾಗದಿದ್ದರೆ ಒಳ್ಳೆಯದಲ್ವಾ?

ಗಂಡು ಹೆಣ್ಣು ಆರಿಸುವ ತಲೆನೋವು ಇಲ್ಲಿಲ್ಲ. ಕ್ಲೌನ್ ಮರಿಗಳು ಬೆಳೆಯುವುದು ಗಂಡಾಗಿಯೇ. ಗುಂಪಿನಲ್ಲಿ ದೊಡ್ಡದಾಗಿ ಮೇಲುಗೈ ಸಾಧಿಸಿದ್ದು ಹೆಣ್ಣಾಗುತ್ತದೆ, ಮತ್ತೆ ಹಿಂದಿರುಗುವುದಿಲ್ಲ. ಹಾಗಾಗಿ ಒಂದು ದೊಡ್ಡ ಮರಿ, ಒಂದು ಚಿಕ್ಕ ಮರಿ ತಂದರೆ ಸಾಕು. ಮೂರು ಮಾತ್ರ ಬೇಡ. ಎರಡು ಜೋಡಿಯಾದ ದಿನ ಮೂರನೆಯದಕ್ಕೆ ನಿಲ್ಲಲು ಜಾಗ ಇರುವುದಿಲ್ಲ.

ಆನೆಮನಿ ಬೇಡ ಅಂದಿದ್ದು

ಮಗಳಿಗೆ ಇದೇ ಬೇಸರ. "ಅಪ್ಪಾ, ಅದರ ಮನೆ ಇಲ್ದೇ ಅದು ಎಲ್ಲಿರುತ್ತೆ?" ಅಂದಳು. ನ್ಯಾಯವಾದ ಪ್ರಶ್ನೆ. ಸಮುದ್ರದಲ್ಲಿ ಆಸೆಲಾರಿಸ್ ಇರುವುದೇ ಆನೆಮನಿಗಳ ನಡುವೆ, ಅಲ್ಲಿ ಆನೆಮನಿ ಬಿಟ್ಟರೆ ಅದಕ್ಕೆ ಬೇರೆ ರಕ್ಷಣೆಯಿಲ್ಲ. ಆದರೆ ಟ್ಯಾಂಕಿನಲ್ಲಿ ಅದನ್ನು ತಿನ್ನಲು ಬರುವವರಿಲ್ಲ, ಹಾಗಾಗಿ ಆನೆಮನಿ ಇಲ್ಲದೆಯೂ ಅದು ಚೆನ್ನಾಗಿಯೇ ಬದುಕುತ್ತದೆ. ಅದು ಇಷ್ಟಪಡುವ ಮ್ಯಾಗ್ನಿಫಿಕಾ ಆನೆಮನಿ ಒಂದು ಮೀಟರ್ ಅಗಲಕ್ಕೆ ಬೆಳೆಯಬಲ್ಲದು, ನನ್ನ ಟ್ಯಾಂಕಿನ ಉದ್ದ 60 ಸೆಂ.ಮೀ. ಸಣ್ಣ ಟ್ಯಾಂಕುಗಳಲ್ಲಿ ಜನ ಇಡುವುದು ಬಬಲ್ ಟಿಪ್ ಆನೆಮನಿ. ಅದಕ್ಕೂ ಹಳಗಿದ ಟ್ಯಾಂಕ್ ಬೇಕು, ಬಲವಾದ ಬೆಳಕು ಬೇಕು. ಮನಸ್ಸಿಗೆ ಬಂದರೆ ರಾತ್ರಿ ನಡೆದುಕೊಂಡು ಹೋಗುತ್ತದೆ. ಅಲೆ ಎಬ್ಬಿಸುವ ಪಂಪಿಗೆ ಸಿಕ್ಕಿಕೊಂಡರೆ ಚೂರಾಗಿ ಇಡೀ ನೀರನ್ನು ಕೆಡಿಸುತ್ತದೆ. ಒಂದು ವರ್ಷ ಕಳೆಯಲಿ, ಆಮೇಲೆ ನೋಡೋಣ ಅಂತ ಮಗಳಿಗೆ ಹೇಳಿದ್ದೇನೆ.

1ನೇ ದಿನದಿಂದ 7ನೇ ದಿನ: ಸ್ಟ್ಯಾಂಡ್, ಗಾಜು, ಕಲ್ಲು

60 × 45 × 40 ಸೆಂ.ಮೀ. ಟ್ಯಾಂಕ್, 8 ಮಿ.ಮೀ. ಗಾಜು. ಮೇಲೆ ನಾಲ್ಕು ಸೆಂ.ಮೀ. ಬಿಟ್ಟು, ಮರಳು ಕಲ್ಲಿನ ಜಾಗ ಕಳೆದರೆ ನಿಜವಾದ ನೀರು ಸುಮಾರು 85 ಲೀಟರ್. ಈ ಲೆಕ್ಕ ಮೊದಲೇ ಹಾಕಿಟ್ಟುಕೊಳ್ಳಿ. ಉಪ್ಪು, ಔಷಧಿ, ಎಲ್ಲದರ ಅಳತೆಯೂ ಈ ಸಂಖ್ಯೆಯ ಮೇಲೆಯೇ ಹೋಗುತ್ತದೆ. ಇನ್ನೂ ಸಣ್ಣ ಟ್ಯಾಂಕ್ ಕಮ್ಮಿ ಕೆಲಸ ಅನಿಸಬಹುದು, ಆದರೆ ನೀರು ಕಮ್ಮಿ ಇದ್ದಷ್ಟೂ ಉಪ್ಪಿನಂಶ, ಬಿಸಿ ಎರಡೂ ಬೇಗ ಏರಿಳಿಯುತ್ತವೆ. ನೀರು, ಗಾಜು, ಕಲ್ಲು, ಮರಳು ಸೇರಿ ತೂಕ 130 ಕೆಜಿ ಹತ್ತಿರ. ಹಳೆಯ ಮೇಜಿನ ಮೇಲೆ ಇಡುವ ಯೋಚನೆ ಅಲ್ಲಿಗೇ ಬಿಟ್ಟೆ.

ಸೋರಿಕೆ ನೋಡಲು ಬರೀ ಸಿಹಿನೀರು ತುಂಬಿ 48 ಗಂಟೆ ಬಿಟ್ಟೆ. ಒಂದು ಹನಿಯೂ ಸೋರಲಿಲ್ಲ. ಆದರೆ ಮುಂದೆ ಕೂತು ನೋಡಿದಾಗ ನೀರಿನ ಗೆರೆ ಯಾಕೋ ಓರೆ ಕಂಡಿತು. ಸ್ಕೇಲ್ ಹಿಡಿದೆ. ಗಾಜಿನ ಮೇಲಂಚಿನಿಂದ ನೀರಿಗೆ ಎಡಗಡೆ 36 ಮಿ.ಮೀ., ಬಲಗಡೆ 40. ನಾಲ್ಕು ಮಿ.ಮೀ. ವಾಲಿದೆ ಅಂದರೆ ಒಂದು ಕಡೆಯ ಸಿಲಿಕೋನ್ ಬೆಸುಗೆಯ ಮೇಲೆ ಸದಾ ಜಾಸ್ತಿ ಒತ್ತಡ. ಗಾಜಿನ ಕೆಳಗೆ ರಟ್ಟು ಸಿಕ್ಕಿಸುವ ಆಸೆಯಾಯಿತು, ಆದರೆ ಹಾಗೆ ಮಾಡಬಾರದು. ಸಿಕ್ಕಿಸಿದ ಜಾಗದಲ್ಲೇ ಭಾರ ಕೂತು ತಳದ ಗಾಜು ಬಿರಿಯುತ್ತದೆ. ನೀರೆಲ್ಲ ಖಾಲಿ ಮಾಡಿ, ಸ್ಟ್ಯಾಂಡಿನ ಎಡಗಡೆಯ ಎರಡೂ ಕಾಲುಗಳ ಸ್ಕ್ರೂ ತಿರುಗಿಸಿ ಎತ್ತರಿಸಿದೆ. ರಸಮಟ್ಟವನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ನೋಡಿದೆ. ಟ್ಯಾಂಕಿನ ಕೆಳಗೆ ಪೂರ್ತಿ ಫೋಮ್ ಹಾಳೆ ಹಾಸಿದೆ. ಮತ್ತೆ ತುಂಬಿದೆ, ಮತ್ತೆ 48 ಗಂಟೆ. ಎರಡೂ ಕಡೆ 38. ಒಂದಿಡೀ ವಾರ ಇದಕ್ಕೇ ಹೋಯಿತು.

ಕಲ್ಲು ಒಣಗಿದ್ದನ್ನೇ ತಂದೆ, 9 ಕೆಜಿ. ಜೀವಂತ ಕಲ್ಲು (ಸಮುದ್ರದ ಜೀವಿಗಳು ಅಂಟಿಕೊಂಡೇ ಇರುವ ಕಲ್ಲು) ತಂದರೆ ಬ್ಯಾಕ್ಟೀರಿಯಾ ಬೇಗ ಬರುತ್ತವೆ, ಜೊತೆಗೆ ಐಪ್ಟೇಶಿಯಾ ಅನ್ನೋ ಬೇಗ ಹರಡುವ ಸಣ್ಣ ಆನೆಮನಿಯಂಥ ಪೀಡೆಯೂ ಬರಬಹುದು. ಕಲ್ಲುಗಳನ್ನು ಅಂಟಿನಿಂದ ಜೋಡಿಸಿ ಎರಡು ಗುಡ್ಡೆ ಮಾಡಿದೆ, ನಡುವೆ ಈಜಲು ಓಣಿ, ಎಡಗಡೆ ಕೆಳಗೆ ಒಂದು ಗುಹೆ. ಗುಡ್ಡೆಗಳನ್ನು ನೇರ ಗಾಜಿನ ತಳದ ಮೇಲೆ ಕೂರಿಸಿ, ಆಮೇಲೆ ಸುತ್ತ ಅರಗೊನೈಟ್ ಮರಳು ಹಾಕಿದೆ, 10 ಕೆಜಿ. ಮರಳಿನ ಮೇಲೆ ಕಲ್ಲಿಟ್ಟರೆ ಕೆಳಗೆ ತೋಡುವ ಪ್ರಾಣಿ ಒಂದು ದಿನ ಗುಡ್ಡೆಯನ್ನೇ ಉರುಳಿಸುತ್ತದೆ. ಸುತ್ತ ಗಾಜಿನಿಂದ ನಾಲ್ಕು ಬೆರಳು ಜಾಗ ಬಿಟ್ಟಿದ್ದೇನೆ, ಪಾಚಿ ಒರೆಸುವ ಮ್ಯಾಗ್ನೆಟ್ ಓಡಾಡಬೇಕಲ್ಲ.

8ನೇ ದಿನ: ಉಪ್ಪುನೀರು

ನಲ್ಲಿ ನೀರು ಹಾಕಲಿಲ್ಲ. ಆರ್‌ಓ ಆದ ಮೇಲೆ ಉಳಿದ ಲವಣ ಹೀರುವ ಡಿಐ ರೆಸಿನ್ ದಾಟಿಸಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದ ನೀರೇ ಬಳಸಿದೆ. ಕುಡಿಯುವ ನೀರಿನ ಯಂತ್ರದ್ದು ನಾಲಿಗೆಗೆ ಚೆನ್ನಾಗಿರುತ್ತದೆ, ಆದರೆ ಅದರಲ್ಲಿ ಉಳಿದ ಸಿಲಿಕೇಟ್, ಫಾಸ್ಫೇಟ್ ಎಲ್ಲ ಪಾಚಿಗೆ ಊಟ. ರೀಫ್ ಉಪ್ಪು ಮೂರು ಕೆಜಿಗಿಂತ ಸ್ವಲ್ಪ ಜಾಸ್ತಿ ಹಿಡಿಯಿತು. ನೀರಿಗೆ ಉಪ್ಪು ಹಾಕಬೇಕು, ಉಪ್ಪಿಗೆ ನೀರು ಸುರಿಯಬಾರದು. ಹಾಗೆ ಸುರಿದರೆ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ತಳಕ್ಕೆ ಕೂತುಬಿಡುತ್ತದೆ. ಒಂದು ದಿನ ಪಂಪ್ ಓಡಿಸಿ ಕಲಸಿ, 25 ಡಿಗ್ರಿಗೆ ತಂದು ತುಂಬಿದೆ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ 35 ತೋರಿಸಿತು, ಅಂದರೆ ಸಾವಿರ ಪಾಲಿನಲ್ಲಿ 35 ಪಾಲು ಉಪ್ಪು. ಆ 35 ಅನ್ನು ನೆನಪಿಟ್ಟುಕೊಳ್ಳಿ.

ಸಲಕರಣೆ ಕಮ್ಮಿಯೇ. ಹಿಂದೆ ತೂಗುಹಾಕುವ ಫಿಲ್ಟರ್, ಗಂಟೆಗೆ 2000 ಲೀಟರಿನ ಒಂದು ಅಲೆ ಪಂಪ್, 100 ವಾಟ್ ಹೀಟರ್, ನೀಲಿ ಜಾಸ್ತಿ ಇರುವ ಎಲ್‌ಇಡಿ ದೀಪ. ಎಲ್ಲ ವೈರುಗಳನ್ನೂ ಪ್ಲಗ್ಗಿಗಿಂತ ಕೆಳಗೆ ಇಳಿಬಿಟ್ಟು ಆಮೇಲೆ ಮೇಲಕ್ಕೆ ಒಯ್ದಿದ್ದೇನೆ, ಹನಿ ಜಾರಿದರೂ ಪ್ಲಗ್ ತಲುಪದೆ ಕೆಳಗೇ ಬೀಳಲಿ ಅಂತ. ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇಲ್ಲದ ಲೈನಿಗೆ ದಯವಿಟ್ಟು ಕೊಡಬೇಡಿ. ಉಪ್ಪುನೀರಿನಲ್ಲಿ ಕರೆಂಟು ಸಿಹಿನೀರಿಗಿಂತ ಸಲೀಸಾಗಿ ಹರಿಯುತ್ತದೆ, ಮತ್ತು ದಿನವೂ ನಾವು ಅದರಲ್ಲಿ ಕೈ ಹಾಕುತ್ತೇವೆ.

9ರಿಂದ 36: ಏನೂ ಕಾಣದ ದಿನಗಳು

ಮನೆಗೆ ಬಂದವರೆಲ್ಲ ಕೇಳುತ್ತಿದ್ದರು, "ಕಲ್ಲು ಸಾಕಿದ್ದೀರಾ?" ಹೊರಗಿನಿಂದ ನೋಡಿದರೆ ಹಾಗೇ ಇತ್ತು. ಒಳಗೆ ನಡೆಯುತ್ತಿದ್ದ ಕೆಲಸವೇ ಇಡೀ ಟ್ಯಾಂಕಿಗೆ ಆಧಾರ. ಮೀನಿನ ಗಲೀಜಿನಿಂದ ಬರುವ ಅಮೋನಿಯಾವನ್ನು ಒಂದು ಗುಂಪಿನ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಇವು ಕಲ್ಲಿನ ರಂಧ್ರಗಳಲ್ಲಿ ಮನೆ ಮಾಡಬೇಕು. ಟ್ಯಾಂಕಿಗೆ ಮೊದಲೇ ಮೀನು ಇಳಿಸಿ ಇದನ್ನು ಮಾಡಿಸುವವರಿದ್ದಾರೆ. ಆ ಮೀನು ವಾರಗಟ್ಟಲೆ ಅಮೋನಿಯಾದಿಂದ ಸುಡುವ ನೀರಿನಲ್ಲಿ ಉಸಿರಾಡಬೇಕು. ನನಗೆ ಅದು ಒಪ್ಪಿಗೆಯಿಲ್ಲ. ಬಾಟಲಿ ಬ್ಯಾಕ್ಟೀರಿಯಾ ಹಾಕಿ, ಅಮೋನಿಯಂ ಕ್ಲೋರೈಡ್‌ನಿಂದ ಅಮೋನಿಯಾವನ್ನು 2 ಪಿಪಿಎಂಗೆ (ಹತ್ತು ಲಕ್ಷಕ್ಕೆ 2 ಪಾಲು) ತಂದೆ.

20ನೇ ದಿನ ನೈಟ್ರೈಟ್ ಕಿಟ್ ಗಾಢ ಬಣ್ಣ ತೋರಿಸಿತು. ಅದೇ ದಿನ ನೈಟ್ರೇಟ್ ನೋಡಿದರೆ ಹೆದರಿಕೆಯಾಗುವಷ್ಟು ಇತ್ತು. ಅದು ಸುಳ್ಳು ಲೆಕ್ಕ. ನೈಟ್ರೈಟ್ ಇರುವಾಗ ನೈಟ್ರೇಟ್ ಕಿಟ್ ಅದನ್ನೂ ಸೇರಿಸಿಕೊಂಡು ಜಾಸ್ತಿ ತೋರಿಸುತ್ತದೆ. 34ನೇ ದಿನ ಹೊಸದಾಗಿ 2 ಪಿಪಿಎಂ ಅಮೋನಿಯಾ ಹಾಕಿದೆ, 24 ಗಂಟೆಯಲ್ಲಿ ಸೊನ್ನೆ. ನೈಟ್ರೈಟ್ ಕೂಡ ಸೊನ್ನೆ. ಎರಡು ದಿನ ಬಿಟ್ಟು ಅರ್ಧ ನೀರು ಬದಲಿಸಿದೆ, ದೀಪ ದಿನಕ್ಕೆ ಆರು ಗಂಟೆ ಹಾಕಲು ಶುರು ಮಾಡಿದೆ. ಒಂದೇ ವಾರದಲ್ಲಿ ಮರಳಿನ ಮೇಲೆ ಕೋಕೋ ಪುಡಿ ಚೆಲ್ಲಿದಂತೆ ಕಂದು ಪದರ. ಅದು ಡಯಾಟಮ್ ಅನ್ನೋ ಸೂಕ್ಷ್ಮ ಪಾಚಿ. ಹೊಸ ಟ್ಯಾಂಕುಗಳಲ್ಲಿ ಬರುತ್ತದೆ, ತಾನೇ ಹೋಗುತ್ತದೆ. ನನ್ನಲ್ಲಿ ಮೂರು ವಾರ ಇತ್ತು.

ಈ ಅವಧಿಯಲ್ಲಿ ಮಾಡಿದ ಒಂದು ಸಣ್ಣ ಕೆಲಸ ಆಮೇಲೆ ತುಂಬಾ ಉಪಯೋಗಕ್ಕೆ ಬಂತು. ಒಂದು ಸ್ಪಂಜ್ ಫಿಲ್ಟರನ್ನು 9ನೇ ದಿನದಿಂದಲೇ ದೊಡ್ಡ ಟ್ಯಾಂಕಿನ ಮೂಲೆಯಲ್ಲಿ ಓಡಿಸುತ್ತಾ ಇಟ್ಟೆ, ಕ್ವಾರಂಟೈನ್ ತೊಟ್ಟಿಗೆ (ಹೊಸ ಮೀನನ್ನು ಮೊದಲು ಬೇರೆಯಾಗಿ ಇಡುವ ತೊಟ್ಟಿ) ಬೇಕಾದ ಬ್ಯಾಕ್ಟೀರಿಯಾ ಅದರಲ್ಲೇ ಬೆಳೆಯಲಿ ಅಂತ.

38ನೇ ದಿನ: ಆ 35ರ ಕಥೆ

ಪಾಚಿ ತಿನ್ನಲು ಆರು ಟ್ರೋಕಸ್ ಬಸವನಹುಳು ತಂದೆ. ಕೊಟ್ಟವರು ತಮ್ಮ ನೀರು 35 ಅಂದಿದ್ದರು. ಹನಿಹನಿಯಾಗಿ ನೀರು ಬೆರೆಸುವ ಮೊದಲು ಅಭ್ಯಾಸಕ್ಕೆಂದು ಕವರಿನ ನೀರನ್ನು ನನ್ನ ರಿಫ್ರಾಕ್ಟೋಮೀಟರಿಗೆ ಬಿಟ್ಟೆ. 38.

ಅವರ ಅಳತೆ ತಪ್ಪಾ, ನನ್ನದಾ? 35ರ ಕ್ಯಾಲಿಬ್ರೇಶನ್ ದ್ರಾವಣ (ಉಪಕರಣ ಸರಿ ಇದೆಯಾ ನೋಡಲು, ಉಪ್ಪು ಖಚಿತವಾಗಿ 35 ಇರುವ ನೀರು) ಕೊಂಡು ಇಟ್ಟಿದ್ದೆ, ಮುಚ್ಚಳ ತೆಗೆದಿರಲಿಲ್ಲ. ಎರಡು ಹನಿ ಗಾಜಿನ ಮೇಲೆ ಬಿಟ್ಟು, ಗುಳ್ಳೆ ಬಾರದಂತೆ ಮುಚ್ಚಿ, ಒಂದು ನಿಮಿಷ ಕಾದು ಕಿಟಕಿಯ ಕಡೆ ಹಿಡಿದೆ. ನೀಲಿ ಬಿಳಿ ಸೇರುವ ಗೆರೆ 38ರ ಮೇಲೆ ನಿಂತಿತ್ತು. ತಪ್ಪು ನನ್ನ ಉಪಕರಣದ್ದೇ. ನಾನು ಅದನ್ನು ಆರ್‌ಓ ನೀರಿಗೆ ಸೊನ್ನೆ ಮಾಡಿಟ್ಟಿದ್ದೆ. ಸೊನ್ನೆಯಲ್ಲಿ ಸರಿ ಇದ್ದದ್ದು 35ರಲ್ಲಿ ಸರಿ ಇರಬೇಕೆಂದೇನಿಲ್ಲ. ಎಲ್ಲಿ ಅಳೆಯುತ್ತೇವೋ ಅಲ್ಲೇ ಹೊಂದಿಸಬೇಕು. ಅಂದರೆ ಒಂದು ತಿಂಗಳಿಂದ ನಾನು 35 ಅಂತ ಬರೆದಿಟ್ಟದ್ದೆಲ್ಲ ನಿಜದಲ್ಲಿ 32.

ಟ್ಯಾಂಕಿನಲ್ಲಿ ಕಲ್ಲು, ಬ್ಯಾಕ್ಟೀರಿಯಾ ಬಿಟ್ಟರೆ ಏನೂ ಇರಲಿಲ್ಲ, ಹಾಗಾಗಿ ಅಂದೇ ಸರಿ ಮಾಡಬಹುದಿತ್ತು. ಬಸವನಹುಳುಗಳನ್ನು ಅವುಗಳದ್ದೇ ನೀರಿನಲ್ಲಿ, ಗುಳ್ಳೆ ಬಿಡುವ ಗಾಳಿ ಕಲ್ಲು ಹಾಕಿ ಬಕೆಟ್ಟಿನಲ್ಲಿಟ್ಟೆ. ಲೀಟರಿಗೆ 3 ಗ್ರಾಂ ಕಮ್ಮಿ, 85 ಲೀಟರಿಗೆ 255. ಉಪ್ಪಿನಲ್ಲಿರುವ ತೇವಾಂಶಕ್ಕೆ ಸ್ವಲ್ಪ ಸೇರಿಸಿ 270 ಗ್ರಾಂ ತೂಗಿ, ಟ್ಯಾಂಕಿನದೇ ನೀರಿನಲ್ಲಿ ಕರಗಿಸಿ, ಮೂರು ಸಲಕ್ಕೆ ಹಾಕಿದೆ. ಮರುದಿನ ಬೆಳಿಗ್ಗೆ, ಸರಿಪಡಿಸಿದ ರಿಫ್ರಾಕ್ಟೋಮೀಟರ್ 35 ತೋರಿಸಿತು. ಬಸವನಹುಳುಗಳು ಹನ್ನೊಂದು ಗಂಟೆಗೆ ಇಳಿದವು, ಮಧ್ಯಾಹ್ನದ ಹೊತ್ತಿಗೆ ಗಾಜಿನ ಕಂದು ಪದರದಲ್ಲಿ ಅವುಗಳ ಬಾಯಿಯ ಅಂಕುಡೊಂಕು ಗೆರೆ ಮೂಡಿತ್ತು.

ಉಪ್ಪಿನಂಶ ಕೆಡುವ ಇನ್ನೊಂದು ದಾರಿ ಆವಿ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ನೀರು ಬಿಸಿಯಾಗದಿರಲು ಮೇಲೆ ಫ್ಯಾನ್ ಹಾಕಿದ್ದೇನೆ. ಎರಡು ಡಿಗ್ರಿ ಇಳಿಸುತ್ತದೆ, ಆದರೆ ದಿನಕ್ಕೆ ಒಂದೂಕಾಲು ಲೀಟರ್ ಆವಿಯಾಗುತ್ತದೆ. ಒಂದು ವಾರ ಮರೆತರೆ 35 ಇದ್ದದ್ದು 39ಕ್ಕೆ ಏರುತ್ತದೆ. ಅದಕ್ಕೇ ನೀರಿನ ಮಟ್ಟ ನೋಡಿ ತಾನೇ ತುಂಬುವ ಸೆನ್ಸರ್ ಪಂಪ್ ಹಾಕಿದೆ. ಅದರ ಡಬ್ಬಿಯಲ್ಲಿ ಇರಬೇಕಾದ್ದು ಬರೀ ಆರ್‌ಓ ಡಿಐ ನೀರು, ಉಪ್ಪುನೀರಲ್ಲ.

46ನೇ ದಿನ: ಮೀನು ಆರಿಸಿದ್ದು

ಅಂಗಡಿಯಲ್ಲಿ ಒಂದೇ ತೊಟ್ಟಿಯಲ್ಲಿ ಇಪ್ಪತ್ತರಷ್ಟು ಆಸೆಲಾರಿಸ್ ಮರಿಗಳು. ಅರ್ಧ ಗಂಟೆ ಸುಮ್ಮನೆ ನಿಂತೆ. ಮೊದಲು ಕಿವಿರು ನೋಡಿದೆ. ಬಾಯಿ ತೆರೆದು ಏದುಸಿರು ಬಿಡುವ ಮರಿ ಬೇಡ. ಆಮೇಲೆ ಕಿವಿರಿನ ಮುಚ್ಚಳ, ಕೆಳದವಡೆ. ಸಾಕಿ ಬೆಳೆಸಿದ ಮರಿಗಳಲ್ಲಿ ಕೆಲವಕ್ಕೆ ಇವು ಗಿಡ್ಡವಾಗಿಯೋ ಸೊಟ್ಟವಾಗಿಯೋ ಇರುತ್ತವೆ. ಮೈ ಮೇಲೆ ಲೋಳೆ, ಉಪ್ಪಿನ ಕಾಳಿನಂಥ ಚುಕ್ಕೆ ಇದೆಯಾ? ಒಂದು ಮರಿಗಿದ್ದರೂ ಆ ತೊಟ್ಟಿಯ ಯಾವ ಮೀನೂ ಬೇಡ ಅಂತ ತೀರ್ಮಾನಿಸಿಕೊಂಡೇ ಹೋಗಿದ್ದೆ. ಕಡೆಗೆ, "ಸಾರ್, ಒಂಚೂರು ಆಹಾರ ಹಾಕ್ತೀರಾ?" ಅಂದೆ. ಹಾಕಿದರು. ಎಲ್ಲಕ್ಕಿಂತ ಮೊದಲು ನುಗ್ಗಿ ಬಂದ ಒಂದು, ನಾಲ್ಕು ಸೆಂ.ಮೀ. ಇರಬಹುದು. ಅದರ ಪಕ್ಕದಲ್ಲೇ ತಪ್ಪಿಸಿಕೊಂಡು ತಿಂದ ಎರಡೂವರೆ ಸೆಂ.ಮೀ.ನ ಇನ್ನೊಂದು. ಅವೆರಡನ್ನೂ ತಂದೆ.

ಕ್ವಾರಂಟೈನ್ 40 ಲೀಟರಿನ ಬರೀ ಗಾಜಿನ ತೊಟ್ಟಿ, ಆ ಹಳೆಯ ಸ್ಪಂಜ್, ಅಡಗಲು ಪಿವಿಸಿ ಪೈಪಿನ ತುಂಡುಗಳು. ನಾಲ್ಕು ವಾರದ ಮೇಲೆ ಇಟ್ಟೆ. ಇದನ್ನು ಬಿಡುವವರು ಬಹಳ. ಬಿಟ್ಟರೆ ಆಗುವುದೇನೆಂದರೆ, ರೋಗ ದೊಡ್ಡ ಟ್ಯಾಂಕಿಗೆ ಹೋದ ಮೇಲೆ ಅಲ್ಲಿ ತಾಮ್ರದ ಔಷಧಿ ಹಾಕುವಂತಿಲ್ಲ. ಹವಳ, ಬಸವನಹುಳು ಎಲ್ಲ ಸಾಯುತ್ತವೆ. ಆಗ ಮೀನನ್ನು ಹೊರಗೆ ತೆಗೆದು ಟ್ಯಾಂಕನ್ನು ಎರಡು ತಿಂಗಳಿಗೂ ಹೆಚ್ಚು ಮೀನಿಲ್ಲದೆ ಬಿಡಬೇಕು. ಮುಂಚೆಯೇ ಒಂದು ತಿಂಗಳು ಕಾಯುವುದು ಎಷ್ಟೋ ಮೇಲು.

ಎರಡನೇ ವಾರ ಮಗಳು ಓಡಿ ಬಂದಳು. "ಅಪ್ಪಾ, ಚಿಕ್ಕದಕ್ಕೆ ಚಳಿ ಆಗ್ತಿದೆ!" ಹೋಗಿ ನೋಡಿದೆ. ದೊಡ್ಡದು ಪೈಪಿನ ಬಾಯಲ್ಲಿ ನಿಂತಿದೆ. ಚಿಕ್ಕದು ಅದರ ಮುಂದೆ ಮೈ ಓರೆ ಮಾಡಿ, ತಲೆಯಿಂದ ಬಾಲದವರೆಗೆ ಗಡಗಡ ನಡುಗುತ್ತಿದೆ. ಎರಡು ಸೆಕೆಂಡ್ ನಡುಗಿ ನಿಂತಿತು, ಮತ್ತೆ ನಡುಗಿತು. ಅದು ಚಳಿಯೂ ಅಲ್ಲ, ರೋಗವೂ ಅಲ್ಲ. ನೀನೇ ದೊಡ್ಡವಳು, ನಾನು ಒಪ್ಪಿದೆ ಅನ್ನೋ ಮಾತು. ಅದನ್ನು ಕಂಡ ದಿನ ಈ ಜೋಡಿ ಕೂಡಿಕೊಂಡಿತು ಅಂತ ನನಗೆ ಧೈರ್ಯ ಬಂತು.

77ನೇ ದಿನ ಮತ್ತು ಈಚೆಗೆ

ಇಳಿಸುವ ಮೊದಲು ಮೇಲೆ ಬಲೆಯ ಮುಚ್ಚಳ ಕೂರಿಸಿದೆ. ಕ್ಲೌನ್ ಹಾರುವ ಮೀನು, ಹೊಸ ಜಾಗದಲ್ಲಿ ಇನ್ನೂ ಜಾಸ್ತಿ. ದೀಪ ಆರಿಸಿ, ನೀರಿನ ಉಪ್ಪು, ಬಿಸಿ ಎರಡೂ ಕಡೆ ಒಂದೇ ಇದೆ ಅಂತ ನೋಡಿ, ಸಣ್ಣ ಡಬ್ಬಿಯಲ್ಲಿ ಹಿಡಿದು ಬಿಟ್ಟೆ. ನಾನು ಅಷ್ಟು ಕಷ್ಟಪಟ್ಟು ಮಾಡಿದ ಗುಹೆಯ ಕಡೆ ಅವು ತಿರುಗಿಯೂ ನೋಡಲಿಲ್ಲ. ನೇರ ಬಲಗಡೆಯ ಹಿಂದಿನ ಮೂಲೆಗೆ ಹೋದವು.

ಇವತ್ತು 96ನೇ ದಿನ. ಉಪ್ಪು 35, ನೈಟ್ರೇಟ್ 5 ಪಿಪಿಎಂ, ಫಾಸ್ಫೇಟ್ 0.05 ಪಿಪಿಎಂ, ಕ್ಷಾರತೆ (ಹವಳ ತನ್ನ ಅಸ್ಥಿ ಕಟ್ಟಲು ಬಳಸುವ ಕಾರ್ಬೊನೇಟಿನ ಅಳತೆ) 8.3 ಡಿಕೆಎಚ್. ವಾರಕ್ಕೆ 8 ಲೀಟರ್ ನೀರು ಬದಲಿಸುತ್ತೇನೆ. ಊಟ ದಿನಕ್ಕೆ ಎರಡು ಸಲ, ಒಂದು ಸಲ ಗುಳಿಗೆ, ಒಂದು ಸಲ ಹೆಪ್ಪುಗಟ್ಟಿದ್ದನ್ನು ಕರಗಿಸಿದ ಮೈಸಿಸ್ ಅನ್ನೋ ಪುಟ್ಟ ಸೀಗಡಿ. 90ನೇ ದಿನ ಮೊದಲ ಹವಳ ಬಂತು, ಅಂಗೈ ಅರ್ಧದಷ್ಟು ಲೆದರ್ ಕೋರಲ್. ಎರಡು ದಿನ ಮುದುಡಿಕೊಂಡಿತ್ತು, ಈಗ ಬೆಳಿಗ್ಗೆ ಹತ್ತರ ಹೊತ್ತಿಗೆ ಪೂರ್ತಿ ಅರಳುತ್ತದೆ. ಮುಂದಿನದು ಹ್ಯಾಮರ್ ಕೋರಲ್, ಆದರೆ ಕ್ಷಾರತೆ ಇನ್ನೂ ಒಂದು ತಿಂಗಳು ಹೀಗೇ ನಿಂತರೆ ಮಾತ್ರ.

ಮೀನುಗಳು ಇನ್ನೂ ಅದೇ ಮೂಲೆಯಲ್ಲಿವೆ. ರಾತ್ರಿ ಟಾರ್ಚ್ ಹಿಡಿದು ನೋಡಿದರೆ ಎರಡೂ ಹೀಟರಿಗೆ ಮೈ ತಾಗಿಸಿಕೊಂಡು ಮಲಗಿರುತ್ತವೆ, ದೊಡ್ಡದು ಒಳಗೆ, ಚಿಕ್ಕದು ಹೊರಗೆ. ಹೀಟರ್ ಉರಿಯುವಾಗ ಹಾಗೆ ಒರಗಿದರೆ ಮೈ ಸುಡುತ್ತದೆ. ಅದನ್ನು ಬೇರೆ ಕಡೆ ಇಡೋಣ ಅಂದರೆ ಈಗಷ್ಟೇ ಹಿಡಿದ ಜಾಗ ತಪ್ಪುತ್ತದೆ. ಹಾಗಾಗಿ ಹೀಟರ್ ಅಲ್ಲೇ ಇರಲಿ, ನಾಳೆ ಅದಕ್ಕೆ ಪ್ಲಾಸ್ಟಿಕ್ ಜಾಲರಿ ತೊಡಿಸುತ್ತೇನೆ. ಅಳತೆ ತೆಗೆದಾಗಿದೆ.